ಬೆಂಗಳೂರಿನ ಸೇಬು

ಕಳೆದ ವರ್ಷ ತರಗತಿಯಲ್ಲಿ 'ಸೇಬು' ಎಂಬ ಪದದ ವಿಚಾರ ಬಂದಿತು. ಇದು ಪಾರಸಿ ಮೂಲದ ಶಬ್ದ; ಹಿಂದೂಸ್ತಾನಿಯ ದಾರಿಯಾಗಿ ಬಂದು ಕನ್ನಡದಲ್ಲಿ ಉಕಾರಾಂತವಾಗಿ ನೆಲೆಸಿದೆ ಎಂದು ಹೇಳುತ್ತಿದ್ದೆ. ಹುಡುಗನೊಬ್ಬ ಎದ್ದು, "ಪದ ಪರದೇಶದ್ದು, ಹಣ್ಣು ಕಾಶ್ಮೀರದ್ದು, ಇದರಲ್ಲಿ ನಮ್ಮದೇನಿದೆ ಸಾರ್?" ಎಂದನು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಬ್ಯಾಡರಹಳ್ಳಿಯ ನಮ್ಮ ಮನೆಯ ಹಿತ್ತಲಿನಲ್ಲಿಯೇ ಒಂದು ಕಾಲದಲ್ಲಿ ಸೇಬಿನ ಮರವಿದ್ದಿತು.

ಸೇಬಿನ ತವರು ಮಧ್ಯ ಏಷ್ಯದ ತಿಯೆನ್ ಶಾನ್ ಪರ್ವತಗಳು. ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸಿ, ವಸಂತದಲ್ಲಿ ಎಚ್ಚೆತ್ತು ಹೂಬಿಡುವುದು ಆ ಮರದ ಸ್ವಭಾವ. ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದ್ದರೂ ಬೆಂಗಳೂರಿನಲ್ಲಿ ಅಂತಹ ಚಳಿಯೆಲ್ಲಿಯದು? ಆದರೂ ಇಲ್ಲಿ ಸೇಬು ಬೆಳೆಯಿತು. 1809ರಲ್ಲಿ ದಂಡು ಪ್ರದೇಶ ನೆಲೆಗೊಂಡ ಮೇಲೆ ಇಂಗ್ಲಿಷರ ಬಂಗಲೆಗಳೊಡನೆ ಅವರ ಹಣ್ಣು ತರಕಾರಿಗಳೂ ಈ ಊರಿಗೆ ಬಂದವು. ಇಲ್ಲಿ ಚೆನ್ನಾಗಿ ಹೊಂದಿಕೊಂಡ ಸೇಬಿನ ತಳಿ 'ರೋಮ್ ಬ್ಯೂಟಿ'. ಈ ರೋಮ್ ಇಟಲಿಯ ಮಹಾನಗರವಲ್ಲ. ಅಮೆರಿಕದ ಓಹಾಯೋ ಸಂಸ್ಥಾನದ ಒಂದು ಸಣ್ಣ ಊರು.

ಚಳಿಯಿಲ್ಲದ ಕೊರತೆಯನ್ನು ತೋಟಗಾರನ ಕೈಯೇ ತುಂಬಿಕೊಟ್ಟಿತು. ಫಸಲು ಮುಗಿದೊಡನೆ ಕೆಲವು ವಾರ ನೀರು ನಿಲ್ಲಿಸಿ, ಎಲೆಗಳನ್ನು ಕೈಯಿಂದಲೇ ತರಿದುಹಾಕುವರು. ಬಳಿಕ ಗೊಬ್ಬರ ನೀರು ಕೊಟ್ಟರೆ ಮರ ಚಳಿಗಾಲ ಕಳೆಯಿತೆಂದೇ ಬಗೆದು ಚಿಗುರಿ ಹೂಬಿಡುವುದು. ಹೀಗೆ ವರ್ಷಕ್ಕೆ ಎರಡು ಫಸಲು! ಲಾಲ್‌ಬಾಗಿನ ಅಧಿಕಾರವನ್ನು ಜರ್ಮನಿಯ ಕೃಂಬಿಗಲ್ ಅವರ ತರುವಾಯ ವಹಿಸಿಕೊಂಡ ಎಚ್. ಸಿ. ಜವರಾಯರು ಈ ಎರಡು ಫಸಲಿನ ವಿಷಯವಾಗಿಯೇ 1943ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಹಾರ್ಟಿಕಲ್ಚರ್' ಪತ್ರಿಕೆಯಲ್ಲಿ ಲೇಖನ ಬರೆದರು.

ರೋಮ್ ಬ್ಯೂಟಿ ಹಸಿಯಾಗಿ ತಿನ್ನುವುದಕ್ಕಿಂತ ಬೇಯಿಸುವುದಕ್ಕೆ ಹೆಸರಾದ ಹಣ್ಣು. ಹಂದಿಮಾಂಸದೊಡನೆ ಸೇಬಿನ ಸಾಸ್ ಬಡಿಸುವುದು ಇಂಗ್ಲಿಷರ ಹಳೆಯ ರೂಢಿ. ನಮ್ಮ ತಾತ ದಂಡಿನ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದವರು. ಸಸಿಯನ್ನೂ ಪಾಕವನ್ನೂ ಒಟ್ಟಿಗೆ ತಂದರು. ಅಜ್ಜಿ ಸಿಪ್ಪೆ ಬೀಜ ತೆಗೆದು ಹೋಳು ಮಾಡಿ, ಕಪ್ಪಾಗದಿರಲೆಂದು ನಿಂಬೆರಸ ಚಿಮುಕಿಸಿ, ತಳ ಮುಳುಗುವಷ್ಟೇ ನೀರು ಹಾಕಿ ಮುಚ್ಚಿಡುತ್ತಿದ್ದರು. ಸಣ್ಣ ಉರಿಯಲ್ಲಿ ಹಣ್ಣು ಕರಗಿದ ಮೇಲೆ ಮಸೆದು, ಸಕ್ಕರೆಯ ಬದಲು ಬೆಲ್ಲ, ಲವಂಗದ ಬದಲು ಏಲಕ್ಕಿ ಹಾಕುವರು. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟಿನಿಂದ ಅದು ತಾನಾಗಿ ಗಟ್ಟಿಯಾಗುವುದೆಂದು ಅವರು ಓದಿರಲಿಲ್ಲ; ಸೌಟಿನಿಂದ ಬಲ್ಲವರಾಗಿದ್ದರು. ನಾವು ಅದನ್ನು 'ಸೇಬಿನ ಗೊಜ್ಜು' ಎಂದು ಕರೆದು ಚಪಾತಿಯೊಡನೆ ತಿಂದೆವು.

ಊರು ಬೆಳೆಯಿತು. ಮಾಗಡಿ ರಸ್ತೆಯ ಎರಡೂ ಬದಿಯ ರಾಗಿಹೊಲಗಳು ನಿವೇಶನಗಳಾದವು. ಹಿತ್ತಲು ಪಾಲಾದಾಗ ನಮ್ಮ ಮರವೂ ಹೋಯಿತು. ಕಡಿಸಲು ಒಪ್ಪಿದವರಲ್ಲಿ ನಾನೂ ಒಬ್ಬ. ಮರ ಹೋದದ್ದಕ್ಕಿಂತಲೂ, ಯಾವ ತಿಂಗಳು ನೀರು ನಿಲ್ಲಿಸಬೇಕು, ಎಂತಹ ಎಲೆ ತರಿಯಬೇಕು ಎಂದು ತಾತನನ್ನು ನಾನು ಒಂದು ದಿನವೂ ಕೇಳಲಿಲ್ಲವೆಂಬುದೇ ಇಂದು ಹೆಚ್ಚು ನೋವು ಕೊಡುತ್ತದೆ. ಲೇಖನ ಪುಸ್ತಕಾಲಯದಲ್ಲಿ ಉಳಿಯಬಹುದು; ಕೈಯ ಬಳಕೆ ಕೈಯೊಡನೆಯೇ ಹೋಗುತ್ತದೆ.

ಮರುದಿನ ಅಂಗಡಿಯ ಸೇಬಿನಿಂದಲೇ ಗೊಜ್ಜು ಮಾಡಿಸಿ ತರಗತಿಗೆ ಒಯ್ದೆ. ಆ ಹುಡುಗನಿಗೆ ಇಷ್ಟೇ ಹೇಳಿದೆ: "ಪದ ಹೊರಗಿನದು, ಹಣ್ಣೂ ಹೊರಗಿನದು, ಅದನ್ನು ಇಲ್ಲಿ ಬಾಳಿಸಿದ ಕೈ ನಮ್ಮದು." ಓದುಗರ ನೆರೆಹೊರೆಯಲ್ಲಿ ಹಳೆಯ ಮಾಲಿಗಳು ಯಾರಾದರೂ ಇದ್ದರೆ, ದಯವಿಟ್ಟು ಇಂದೇ ಅವರ ಬಳಿ ಕುಳಿತು ಕೇಳಿ, ಬರೆದಿಟ್ಟುಕೊಳ್ಳಿ.