ಟ್ರಿಮ್ಮರ್ (ಕಿರು ಕೈ ರೂಟರ್)

ಮರ, ಪ್ಲೈವುಡ್, ಎಂಡಿಎಫ್ ಮತ್ತು ಲ್ಯಾಮಿನೇಟ್ ಹಾಳೆಗಳ ಅಂಚು ಸವರಲು, ಮೂಲೆ ಉರುಟು ಮಾಡಲು, ಗ್ರೂವ್ ಹೊಡೆಯಲು, ತಿರುಗಣಿ ಕೂರುವಷ್ಟು ಜಾಗ ತೋಡಲು ಬಳಸುವ ವಿದ್ಯುತ್ ಉಪಕರಣ. ಅಂಗೈ ಹಿಡಿತಕ್ಕೆ ಸಿಗುವಷ್ಟು ಚಿಕ್ಕದು. ಟ್ರಿಮ್ ರೂಟರ್, ಪಾಮ್ ರೂಟರ್, ಲ್ಯಾಮಿನೇಟ್ ಟ್ರಿಮ್ಮರ್ ಎಂಬ ಹೆಸರುಗಳೂ ಇದಕ್ಕೆ ಉಂಟು. ನಮ್ಮ ಬಡಗಿಗಳ ಬಾಯಲ್ಲಿ ಬರೀ ಟ್ರಿಮ್ಮರ್. ತೂಕ ಒಂದೂವರೆಯಿಂದ ಎರಡು ಕಿಲೋ, ಮೋಟಾರಿನ ಸಾಮರ್ಥ್ಯ ಹೆಚ್ಚಾಗಿ 500ರಿಂದ 700 ವ್ಯಾಟ್. ಗಾತ್ರ ಕಿರಿದಾದರೂ ವೇಗ ಮಾತ್ರ ದೊಡ್ಡ ರೂಟರನ್ನೂ ಮೀರಿಸುತ್ತದೆ: ಮಕಿಟಾ 3709 ಮಾದರಿ ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ, ಬಾಷ್ ಜಿಕೆಎಫ್ 550 ಮಾದರಿ 33,000 ಸುತ್ತು. ಮೈಕಾ ಚಕ್ಕೆ ಎದ್ದರೂ, ಅಂಚು ಕಪ್ಪಾಗಿ ಸುಟ್ಟರೂ, ಬೆರಳಿಗೆ ಪೆಟ್ಟಾದರೂ ಅದರ ಹಿಂದೆ ಬಹುಮಟ್ಟಿಗೆ ಇರುವುದು ಒಂದೇ ಕಾರಣ, ಯಂತ್ರದ ಗಾತ್ರ ನೋಡಿ ಅದರ ವೇಗವನ್ನು ಮರೆಯುವುದು.

ಹಿನ್ನೆಲೆ

ಮರದಲ್ಲಿ ಒಂದೇ ಆಳದ ತಗ್ಗು ತೋಡುವ ಕೆಲಸ ಮೊದಲು ಉಳಿಯದ್ದು, ಆಮೇಲೆ ಕೈಯಿಂದ ತಳ್ಳುವ ರೂಟರ್ ಪ್ಲೇನಿನದ್ದು. ಅಮೆರಿಕದ ಸ್ಟ್ಯಾನ್ಲಿ ಕಂಪನಿಯ 71ನೇ ನಂಬರಿನ ಲೋಹದ ರೂಟರ್ ಪ್ಲೇನ್ 1880ರ ದಶಕದಲ್ಲಿ ಬಂದು ಹಲವು ದಶಕ ಮಾರಾಟವಾಯಿತು. ಇದೇ ಕೆಲಸಕ್ಕೆ ವಿದ್ಯುತ್ ಮೋಟಾರು ಕೂಡಿಸಿದ ಕೈರೂಟರುಗಳು 20ನೇ ಶತಮಾನದ ಆರಂಭದಲ್ಲಿ ಅಲ್ಲಿಯೇ ಹುಟ್ಟಿದವು. ಆರ್. ಎಲ್. ಕಾರ್ಟರ್ ಎಂಬಾತ ನ್ಯೂಯಾರ್ಕ್ ಪ್ರಾಂತದಲ್ಲಿ ನಡೆಸುತ್ತಿದ್ದ ರೂಟರ್ ವ್ಯವಹಾರವನ್ನು ಸ್ಟ್ಯಾನ್ಲಿ 1929ರಲ್ಲಿ ಕೊಂಡುಕೊಂಡಿತು. ಮೇಲಿನಿಂದ ಒತ್ತಿ ಮರದೊಳಗೆ ಇಳಿಸುವ ಪ್ಲಂಜ್ ರೂಟರನ್ನು 1949ರಲ್ಲಿ ತಂದದ್ದು ಜರ್ಮನಿಯ ಎಲು ಕಂಪನಿ.

ಟ್ರಿಮ್ಮರಿನ ಕಥೆ ಲ್ಯಾಮಿನೇಟಿನ ಕಥೆಗೆ ಅಂಟಿಕೊಂಡಿದೆ. 1912ರಲ್ಲಿ ವಿದ್ಯುತ್ ನಿರೋಧಕವೆಂದು ರೂಪುಗೊಂಡ ಫಾರ್ಮೈಕಾ ಮುಂದೆ ಅಲಂಕಾರದ ಹಾಳೆಯಾಗಿ, ಎರಡನೇ ಮಹಾಯುದ್ಧದ ನಂತರ ಅಡುಗೆಮನೆ ಕಟ್ಟೆಗಳ ಮೇಲೆಲ್ಲ ಹರಡಿತು. ಹಲಗೆಗಿಂತ ಕೊಂಚ ದೊಡ್ಡದಾಗಿ ಅಂಟಿಸಿದ ಹಾಳೆಯ ಅಂಚನ್ನು ಕಟ್ಟೆಯ ಪಕ್ಕದಲ್ಲಿ ನಿಂತು, ಒಂದೇ ಹಿಡಿತದಲ್ಲಿ ಸವರಿ ತೆಗೆಯಲು ಹಗುರ ಯಂತ್ರ ಬೇಕಾಯಿತು. ನಮ್ಮಲ್ಲಿ ಸನ್‌ಮೈಕಾ ಹಚ್ಚಿದ ವಾರ್ಡ್‌ರೋಬು, ಮಾಡ್ಯುಲರ್ ಕಿಚನ್‌ಗಳು ಬಂದ ಮೇಲೆ ಬಡಗಿಯ ಚೀಲದಲ್ಲಿ ಹತ್ತರಿ, ಉಳಿಗಳ ಪಕ್ಕ ಟ್ರಿಮ್ಮರೂ ಸೇರಿಕೊಂಡಿತು.

ರಚನೆ ಮತ್ತು ಕಾಲೆಟ್

ನೆಟ್ಟಗೆ ನಿಂತ ಮೋಟಾರು, ಅದರ ತುದಿಗೆ ಬಿಟ್ (ಅಲಗಿರುವ ಕಡಿಯುವ ತುಂಡು) ಹಿಡಿಯುವ ಕಾಲೆಟ್, ಸುತ್ತ ಮೇಲೆ ಕೆಳಗೆ ಜರುಗುವ ಬೇಸ್. ಯಂತ್ರವೆಂದರೆ ಇಷ್ಟೇ. ಬೇಸನ್ನು ಎಷ್ಟು ಏರಿಸಿ ಬಿಗಿಮಾಡುತ್ತೇವೋ ಬಿಟ್ ಅಷ್ಟು ಹೊರಚಾಚುತ್ತದೆ. ಕೆಲವು ಮಾದರಿಗಳಲ್ಲಿ ವೇಗ ಬದಲಿಸುವ ಚಕ್ರವಿದೆ. ಮಕಿಟಾ ಆರ್‌ಟಿ0700ಸಿ ಮಾದರಿಯಲ್ಲಿ 10,000ದಿಂದ 30,000 ಸುತ್ತಿನವರೆಗೆ ಹೊಂದಿಸಬಹುದು. ಹೊಸದಾಗಿ ಕೊಳ್ಳುವವರು ಈ ಸೌಲಭ್ಯಕ್ಕೆ ಹಣ ಕೊಡುವುದು ಸಾರ್ಥಕ. ಅಗಲವಾದ ಬಿಟ್ಟಿಗೆ ಕಡಿಮೆ ವೇಗ ಬೇಕೇ ಬೇಕು, ಒಂದೇ ವೇಗದ ಯಂತ್ರದಲ್ಲಿ ಅದು ಸಾಧ್ಯವಿಲ್ಲ.

ಬಿಟ್ಟಿನಲ್ಲಿ ಕಾಲೆಟ್ ಹಿಡಿಯುವ ದಂಡೇ ಶ್ಯಾಂಕ್. ಭಾರತದ ಅಂಗಡಿಗಳಲ್ಲಿ 6 ಮಿ.ಮೀ. ಶ್ಯಾಂಕಿನ ಬಿಟ್ಟುಗಳೂ ಕಾಲು ಇಂಚಿನವೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಕಾಲು ಇಂಚು ಎಂದರೆ 6.35 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ ಕಾಲು ಇಂಚಿನ ಕಾಲೆಟ್ಟಿಗೆ 6 ಮಿ.ಮೀ. ಬಿಟ್ ಹಾಕಿ ನಟ್ ಬಿಗಿದರೆ ಸ್ಪ್ಯಾನರಿಗೆ ಬಿಗಿಯಾಯಿತು ಎನ್ನಿಸುತ್ತದೆ, ಬಿಟ್ ಮಾತ್ರ ಕೂತಿರುವುದಿಲ್ಲ. ಕೆಲಸದ ನಡುವೆ ಅದು ಮೆಲ್ಲಗೆ ಕೆಳಗಿಳಿದು ಗ್ರೂವ್ ಆಳವಾಗುತ್ತ ಹೋಗಬಹುದು, ಕಳಚಿ ಹಾರಲೂಬಹುದು. ಬಿಟ್ ಕೊಳ್ಳುವಾಗ ವರ್ನಿಯರ್ ಕ್ಯಾಲಿಪರಿನಿಂದ ಶ್ಯಾಂಕ್ ಅಳೆದು, ಎರಡು ಅಳತೆಯವನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುವುದು ಒಳ್ಳೆಯ ಬಡಗಿಗಳ ಪದ್ಧತಿ.

ಬಿಟ್ ಹಾಕುವ ಮುನ್ನ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು. ಬ್ಯಾಟರಿ ಯಂತ್ರವಾದರೆ ಬ್ಯಾಟರಿ ತೆಗೆಯಬೇಕು. ಬಿಟ್ಟನ್ನು ತಳ ಮುಟ್ಟುವವರೆಗೆ ಒಳಗಿಳಿಸಿ, ಎರಡು ಮೂರು ಮಿ.ಮೀ. ಹಿಂದಕ್ಕೆ ಎಳೆದು ನಟ್ ಬಿಗಿಯಬೇಕು. ಕಾಲೆಟ್ ಬಿಗಿಯುವಾಗ ಬಿಟ್ಟನ್ನೂ ಕೊಂಚ ಒಳಗೆಳೆದುಕೊಳ್ಳುತ್ತದೆ. ತಳಕ್ಕೆ ತಾಗಿ ನಿಂತ ಬಿಟ್ಟಿಗೆ ಸರಿಯಲು ಜಾಗವಿಲ್ಲದೆ ಹಿಡಿತ ಅರೆಬರೆಯಾಗುತ್ತದೆ. ಹಾಗೆಂದು ಉದ್ದ ಸಾಲದೆಂದು ಶ್ಯಾಂಕಿನ ತುದಿಯನ್ನಷ್ಟೇ ಸಿಕ್ಕಿಸುವುದು ಅಪಾಯ. ಶ್ಯಾಂಕಿನ ಮುಕ್ಕಾಲು ಭಾಗವಾದರೂ ಒಳಗಿರಲಿ. ಬಿಟ್ ಇಲ್ಲದ ಕಾಲೆಟ್ಟನ್ನು ಬಿಗಿದರೆ ಅದು ಮುದುಡಿ ಕೆಡುತ್ತದೆ.

ವೇಗದ ಲೆಕ್ಕ

ಎರಡು ಅಲಗಿನ ಬಿಟ್ ನಿಮಿಷಕ್ಕೆ 30,000 ಸುತ್ತು ತಿರುಗಿದರೆ ಸೆಕೆಂಡಿಗೆ ಸಾವಿರ ಸಲ ಮರವನ್ನು ಕಡಿಯುತ್ತದೆ. ಕೈ ಸೆಕೆಂಡಿಗೆ 50 ಮಿ.ಮೀ. ಮುಂದೆ ಹೋದರೆ ಒಂದೊಂದು ಕಡಿತಕ್ಕೆ 0.05 ಮಿ.ಮೀ. ಮರ ಸಿಗುತ್ತದೆ, ಸಣ್ಣ ಸಿಪ್ಪೆ ಏಳುತ್ತದೆ, ಸಿಪ್ಪೆಯೊಂದಿಗೆ ಶಾಖವೂ ಹೊರಹೋಗುತ್ತದೆ. ಹೆದರಿ ಸೆಕೆಂಡಿಗೆ 10 ಮಿ.ಮೀ. ತಳ್ಳಿದರೆ ಸಿಗುವುದು 0.01 ಮಿ.ಮೀ.; ಆಗ ಅಲಗು ಕಡಿಯುವ ಬದಲು ಉಜ್ಜುತ್ತದೆ, ಅಂಚು ಕಪ್ಪಾಗುತ್ತದೆ, ಅಲಗಿನ ಮೊನೆಯೂ ಹೋಗುತ್ತದೆ. ಸುಟ್ಟ ಗುರುತಿಗೆ ಹೆಚ್ಚಾಗಿ ಕಾರಣ ಒಂದೋ ಮೊಂಡು ಬಿಟ್, ಇಲ್ಲವೇ ನಿಧಾನದ ಕೈ. ಮೂಲೆಯಲ್ಲಿ ಕ್ಷಣ ನಿಂತರೂ ಅಲ್ಲೊಂದು ಕಲೆ ಉಳಿಯುತ್ತದೆ. ಸರಿಯಾದ ವೇಗವನ್ನು ಹೇಳುವುದು ಕಿವಿ: ಮೋಟಾರಿನ ಸದ್ದು ಒಂದೇ ಸಮನೆ ಇರಬೇಕು. ಕೀರಲಾದರೆ ಕೈ ನಿಧಾನ, ಗಂಟಲು ಕಟ್ಟಿದಂತೆ ಇಳಿದರೆ ಕೈ ಆತುರ ಅಥವಾ ಕಡಿತ ಆಳ.

ಬಿಟ್ ಅಗಲವಾದಷ್ಟೂ ಅದರ ಅಂಚಿನ ವೇಗ ಏರುತ್ತದೆ. 30,000 ಸುತ್ತಿನಲ್ಲಿ 12.7 ಮಿ.ಮೀ. ಬಿಟ್ಟಿನ ಅಂಚು ಗಂಟೆಗೆ ಸುಮಾರು 72 ಕಿ.ಮೀ. ವೇಗದಲ್ಲಿ ಓಡಿದರೆ 25 ಮಿ.ಮೀ. ಬಿಟ್ಟಿನದ್ದು 140 ಕಿ.ಮೀ. ದಾಟುತ್ತದೆ. ಬಾಗಿಲಿನ ಪ್ಯಾನೆಲ್ ಕಡಿಯುವ ಭಾರಿ ಬಿಟ್ಟುಗಳಿಗೆ ಟ್ರಿಮ್ಮರಿನಲ್ಲಿ ಜಾಗವೇ ಇಲ್ಲ, ಶ್ಯಾಂಕ್ ಹೊಂದಿದರೂ ಹಾಕಬಾರದು. ಬಿಟ್ಟಿನ ಮೇಲೆ ಬರೆದ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಕಡಿಮೆಯಿದ್ದರೆ ಅದನ್ನು ವಾಪಸು ಇಡುವುದೇ ಸರಿ.

ತಳ್ಳುವ ದಿಕ್ಕು

ಹೊಸಬರಿಗೆ ಕಲಿಸಲು ಒಂದೇ ಪಾಠಕ್ಕೆ ಸಮಯವಿದ್ದರೆ ಅದು ದಿಕ್ಕಿನ ಪಾಠವಾಗಿರಬೇಕು. ಮೇಲಿನಿಂದ ನೋಡಿದಾಗ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆದ್ದರಿಂದ ಹಲಗೆಯ ಹೊರ ಅಂಚನ್ನು ಗಡಿಯಾರಕ್ಕೆ ವಿರುದ್ಧವಾಗಿ ಸುತ್ತಬೇಕು. ಸಿಂಕಿನ ಕಿಂಡಿಯಂಥ ಒಳ ಅಂಚನ್ನು ಗಡಿಯಾರದ ದಿಕ್ಕಿನಲ್ಲೇ ಸುತ್ತಬೇಕು. ನಮ್ಮ ಕಡೆಗಿರುವ ಹೊರ ಅಂಚಿನಲ್ಲಿ ಯಂತ್ರ ಎಡದಿಂದ ಬಲಕ್ಕೆ ಹೋಗುತ್ತದೆ. ಮರೆತರೆ ಬಲಗೈಯನ್ನು ಅಂಗೈ ಕೆಳಗಾಗಿ ಚಾಚಿ, ಹೆಬ್ಬೆರಳನ್ನು ಮರದ ಕಡೆ ತೋರಿಸಿ: ತೋರುಬೆರಳು ಹೋಗುವ ಕಡೆಗೆ ಯಂತ್ರ ಹೋಗಬೇಕು.

ಈ ದಿಕ್ಕಿನಲ್ಲಿ ಅಲಗು ನಮ್ಮ ತಳ್ಳುವಿಕೆಗೆ ಎದುರಾಗಿ ಕಡಿಯುತ್ತದೆ, ಯಂತ್ರ ತಾನಾಗಿ ಮರಕ್ಕೆ ಒತ್ತಿಕೊಳ್ಳುತ್ತದೆ, ಹತೋಟಿ ಕೈಯಲ್ಲಿರುತ್ತದೆ. ತಿರುಗಾಮುರುಗ ತಳ್ಳಿದರೆ ಅಲಗು ಮರದ ಮೇಲೆ ಚಕ್ರದಂತೆ ಉರುಳಿ ಯಂತ್ರವನ್ನು ಮುಂದಕ್ಕೆ ಸೆಳೆದೊಯ್ಯುತ್ತದೆ. ಎಳೆ ಎದುರಾಗಿ ಚಕ್ಕೆ ಏಳುವ ಕಡೆ ನುರಿತವರು ಕೂದಲೆಳೆಯಷ್ಟು ತೆಳುವಾಗಿ ಹೀಗೆ ತಿರುಗಾ ಸವರುವುದುಂಟು. ಎರಡೂ ಕೈಯ ಹಿಡಿತ, ಬಿಗಿಯಾಗಿ ಕ್ಲ್ಯಾಂಪ್ ಮಾಡಿದ ಹಲಗೆ, ಹಲವು ದಿನದ ಅಭ್ಯಾಸ, ಈ ಮೂರೂ ಇಲ್ಲದೆ ಅದಕ್ಕೆ ಕೈಹಾಕಬಾರದು.

ಗ್ರೂವ್ ಹೊಡೆಯುವಾಗ ಬಿಟ್ ತಿರುಗುವ ಬಲವೇ ಅದನ್ನು ಎಡಕ್ಕೆ ಎಳೆಯುತ್ತದೆ. ಹಾಗಾಗಿ ಆಸರೆಗೆ ಕ್ಲ್ಯಾಂಪ್ ಮಾಡುವ ನೇರಪಟ್ಟಿ, ಮುಂದೆ ಸಾಗುವ ಯಂತ್ರದ ಎಡಕ್ಕಿರಬೇಕು. ಯಂತ್ರ ಅದಕ್ಕೆ ತಾನೇ ಅಂಟಿಕೊಂಡು ಹೋಗುತ್ತದೆ. ಯಂತ್ರಕ್ಕೇ ಜೋಡಿಸಿದ ಗೈಡನ್ನು ಹಲಗೆಯ ಅಂಚಿಗೆ ತಾಗಿಸಿ ಓಡಿಸುವುದಾದರೆ ಆ ಅಂಚು ಬಲಗಡೆಗಿರಲಿ. ಅದಲುಬದಲಾದರೆ ಗ್ರೂವ್ ಹಾವಿನ ಹಾದಿಯಾಗುತ್ತದೆ, ತಪ್ಪು ಗೈಡಿನದೆಂದು ಕಾಣುತ್ತದೆ. ಗಟ್ಟಿಮರದ ನಾಲ್ಕೂ ಅಂಚು ಉರುಟು ಮಾಡುವಾಗ ಅಡ್ಡನಾರಿನ ತುದಿಗಳಿಂದ ಶುರುಮಾಡಬೇಕು. ತುದಿಯ ಕೊನೆಯಲ್ಲಿ ಕೊಂಚ ಸೀಳು ಬಿದ್ದರೂ ನಂತರ ಉದ್ದದ ಅಂಚು ಸವರುವಾಗ ಅದು ಕಡಿದುಹೋಗುತ್ತದೆ.

ಆಳ

ಒಂದು ಸಲಕ್ಕೆ ಬಿಟ್ಟಿನ ವ್ಯಾಸದ ಅರ್ಧಕ್ಕಿಂತ ಆಳಕ್ಕೆ ಹೋಗದಿರುವುದು ಕ್ಷೇಮ: 6 ಮಿ.ಮೀ. ಬಿಟ್ಟಿಗೆ 3 ಮಿ.ಮೀ. ಸಾಗುವಾನಿ, ಹೊನ್ನೆಯಂಥ ಮರದಲ್ಲಿ ಇನ್ನೂ ಕಡಿಮೆ. ಒಂಬತ್ತು ಮಿ.ಮೀ. ಗ್ರೂವ್ ಬೇಕಾದರೆ ಮೂರು ಬಾರಿ ಇಳಿಸಿ ಓಡಿಸಬೇಕು. ಒಂದೇ ಏಟಿಗೆ ಮುಗಿಸುವ ಆಸೆಯಲ್ಲಿ ಸಪುರ ಶ್ಯಾಂಕ್ ಬಾಗುತ್ತದೆ, ಮುರಿಯಲೂಬಹುದು.

ತಿರುಗಣಿಗೆ ಜಾಗ ತೋಡುವಾಗ ಅಳತೆಪಟ್ಟಿಗಿಂತ ತಿರುಗಣಿಯನ್ನೇ ನಂಬುವುದು ಮೇಲು. ಪ್ಲಗ್ ಕಿತ್ತ ಯಂತ್ರದ ಬೇಸಿನ ಎರಡು ಬದಿಯ ಕೆಳಗೆ ಎರಡು ತಿರುಗಣಿಗಳ ಎಲೆಗಳನ್ನು ಇಟ್ಟು, ಬಿಟ್ ಕೆಳಗಿನ ಹಲಗೆಯನ್ನು ತಾಗುವವರೆಗೆ ಇಳಿಸಿ ಬಿಗಿಮಾಡಿದರೆ ಆಳ ಎಲೆಯ ದಪ್ಪಕ್ಕೆ ಸರಿಯಾಗಿ ಕೂರುತ್ತದೆ. ಉರುಟಾದ ಬಿಟ್ ಚೌಕ ಮೂಲೆ ಕಡಿಯಲಾರದು, 6 ಮಿ.ಮೀ. ಬಿಟ್ ಮೂಲೆಯಲ್ಲಿ 3 ಮಿ.ಮೀ. ತ್ರಿಜ್ಯದ ದುಂಡು ಬಿಟ್ಟೇ ಬಿಡುತ್ತದೆ. ಅದನ್ನು ಚೌಕ ಮಾಡಲು ಹರಿತವಾದ ಉಳಿಯೇ ಬೇಕು. ಬೀಟೆ ಮರದಲ್ಲಿ ಬೇರೆ ಬಣ್ಣದ ಮರದ ತುಣುಕು ಕೂರಿಸುವ ಮೈಸೂರಿನ ಇನ್‌ಲೇ ಕಸುಬಿನಂಥ ಕೆಲಸದಲ್ಲೂ ಇದೇ ಮಾತು: ಅಗಲವಾದ ತಗ್ಗಿನ ತಳವನ್ನು ಸಣ್ಣ ಬಿಟ್ ಸಮವಾಗಿ ತೆಗೆಯಬಲ್ಲದು, ಚಿತ್ರದ ಮೊನಚು ರೇಖೆ ಮಾತ್ರ ಕೈಯುಳಿಯ ಪಾಲು.

ಲ್ಯಾಮಿನೇಟ್ ಸವರುವುದು

ಹೆಚ್ಚಾಗಿ ಒಂದು ಮಿ.ಮೀ. ದಪ್ಪದ ಹಾಳೆಯನ್ನು ಹಲಗೆಗಿಂತ ಮೂರು ನಾಲ್ಕು ಮಿ.ಮೀ. ಹೊರಚಾಚುವಂತೆ ಅಂಟಿಸಿ, ಅಂಟು ಪೂರ್ತಿ ಹಿಡಿದ ಮೇಲೆ ಬೇರಿಂಗ್ ಇರುವ ಫ್ಲಶ್ ಟ್ರಿಮ್ ಬಿಟ್ಟಿನಿಂದ ಸವರುತ್ತಾರೆ. ಬೇರಿಂಗ್ ಹಲಗೆಯ ಅಂಚಿನ ಮೇಲೆ ಉರುಳುತ್ತದೆ, ಅಲಗು ಮೇಲಿನ ಹಾಳೆಯನ್ನು ಅದೇ ಮಟ್ಟಕ್ಕೆ ಕಡಿಯುತ್ತದೆ. ಇಲ್ಲಿ ಕೆಲಸ ಕೆಡಿಸುವುದು ಅಂಟು. ಫೆವಿಕಾಲೋ ರಬ್ಬರ್ ಅಂಟೋ ಬೇರಿಂಗಿಗೆ ಮೆತ್ತಿಕೊಂಡರೆ ಅದು ಉರುಳುವುದನ್ನು ಬಿಟ್ಟು ಬಿಟ್ಟಿನೊಂದಿಗೇ ತಿರುಗುತ್ತದೆ, ಪಕ್ಕದ ಅಂಚಿನ ಹೊಳಪು ಮೇಲ್ಮೈಯನ್ನು ಉದ್ದಕ್ಕೂ ಸುಡುತ್ತದೆ. ಪ್ಲಗ್ ಹಾಕುವ ಮುನ್ನ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನೋಡಬೇಕು, ಅಂಚಿನ ಅಂಟನ್ನು ಕೆರೆದು ತೆಗೆಯಬೇಕು. ಬೇಸಿನ ಅರ್ಧ ಭಾಗ ಗಾಳಿಯಲ್ಲಿರುವುದರಿಂದ ಯಂತ್ರ ಹೊರಕ್ಕೆ ವಾಲಿ ಅಂಚು ಹಳ್ಳ ಬೀಳುವುದು ಇನ್ನೊಂದು ತೊಂದರೆ. ಒಂದು ಅಂಗೈ ಬೇಸಿನ ಒಳಭಾಗವನ್ನು ಹಲಗೆಗೆ ಒತ್ತಿ ಹಿಡಿದಿದ್ದರೆ ವಾಲುವುದಿಲ್ಲ. ಸಪುರ ಪಟ್ಟಿಗಳಿಗಾದರೆ ಪಕ್ಕದಲ್ಲಿ ಅದೇ ಎತ್ತರದ ಇನ್ನೊಂದು ತುಂಡನ್ನು ಆಸರೆಯಾಗಿ ಕ್ಲ್ಯಾಂಪ್ ಮಾಡಬೇಕು. ಲ್ಯಾಮಿನೇಟ್, ಪ್ಲೈವುಡ್ಡಿನ ಅಂಟು ಸಾದಾ ಉಕ್ಕಿನ ಅಲಗನ್ನು ಬೇಗ ತಿನ್ನುತ್ತವೆ, ಕಾರ್ಬೈಡ್ ಅಲಗೇ ಬೇಕು.

ಕೈ, ಕಣ್ಣು, ಉಸಿರು

ಒಂದೇ ಕೈಯಲ್ಲಿ ಹಿಡಿಯಬಹುದಾದ ಯಂತ್ರವೆಂದ ಮಾತ್ರಕ್ಕೆ ಹಲಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿಯಬಾರದು. ಸೈಟಿನಲ್ಲಿ ದಿನವೂ ಕಾಣುವ, ದಿನವೂ ತಡೆಯಬೇಕಾದ ರೂಢಿ ಇದು. ಹಲಗೆ ಕ್ಲ್ಯಾಂಪಿನಲ್ಲಿರಲಿ. ಕಾಲಿನಿಂದ ತುಳಿದು ಹಿಡಿದ ಹಲಗೆಯ ಮೇಲೆ ಟ್ರಿಮ್ಮರ್ ಓಡಿಸುವುದಂತೂ ಪಾದಕ್ಕೇ ಅಪಾಯ. ಬಿಟ್ ಮರಕ್ಕೆ ತಾಗದಂತೆ ಹಿಡಿದು ಸ್ವಿಚ್ ಹಾಕಿ, ಪೂರ್ತಿ ವೇಗ ಬಂದ ಮೇಲೆ ಮರಕ್ಕೆ ತಾಗಿಸಬೇಕು. ಸ್ವಿಚ್ ಆರಿಸಿದ ಮೇಲೂ ಬಿಟ್ ಕೆಲವು ಸೆಕೆಂಡು ತಿರುಗುತ್ತಿರುತ್ತದೆ, ನಿಲ್ಲುವವರೆಗೆ ಕೆಳಗಿಡಬಾರದು. ಕೈಗವಸು, ಹೆಗಲ ಟವೆಲು, ಸಡಿಲ ತೋಳು, ಕೊರಳ ದಾರ ಯಾವುದೂ ಬಿಟ್ಟಿನ ಹತ್ತಿರ ಬೇಡ.

ಕನ್ನಡಕವಿಲ್ಲದೆ ಯಂತ್ರ ಹಚ್ಚಲೇಬಾರದು, ಮೈಕಾದ ಚೂರು ಗಾಜಿನಷ್ಟು ಹರಿತ. ಸದ್ದು 85 ಡೆಸಿಬೆಲ್ ಮೀರಬಹುದಾದ್ದರಿಂದ ಕಿವಿಗೂ ರಕ್ಷಣೆ ಬೇಕು. ಧೂಳನ್ನಂತೂ ಹಗುರವಾಗಿ ಕಾಣುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎಂಡಿಎಫ್ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಕೂಡ ಅದೇ ಗುಂಪಿನಲ್ಲಿದೆ. ಬೀಟೆ, ಸಾಗುವಾನಿ ಧೂಳು ಕೆಲವರ ಚರ್ಮಕ್ಕೆ ತುರಿಕೆ, ದದ್ದು ತರುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಈ ಸಣ್ಣ ಧೂಳನ್ನು ತಡೆಯದು. ಎನ್95 ದರ್ಜೆಯ ಮಾಸ್ಕ್, ಸಾಧ್ಯವಿದ್ದರೆ ಬೇಸಿಗೆ ಜೋಡಿಸಿದ ವ್ಯಾಕ್ಯೂಮ್ ಕೊಳವೆ ಬೇಕು. ಇದರ ಖರ್ಚು ಕೆಲಸ ಹಿಡಿದ ಗುತ್ತಿಗೆದಾರನದ್ದಾಗಬೇಕು, ದಿನಗೂಲಿಯ ಬಡಗಿಯದ್ದಲ್ಲ.

ಪಾಲನೆ ಮತ್ತು ಕಲಿಕೆ

ಮೋಟಾರಿನ ಗಾಳಿಕಿಂಡಿಗಳಲ್ಲಿ ಧೂಳು ಕಟ್ಟದಂತೆ ನೋಡಿಕೊಳ್ಳಬೇಕು. ಕಾರ್ಬನ್ ಬ್ರಶ್ ಸವೆದು ಗುರುತಿನ ಗೆರೆ ಮುಟ್ಟಿದಾಗ ಜೋಡಿಯಾಗಿ ಬದಲಿಸಬೇಕು. ಕಾಲೆಟ್ ಕೂಡ ಸವೆಯುವ ಭಾಗವೇ. ಶ್ಯಾಂಕಿನ ಮೇಲೆ ಸುಟ್ಟ ಕಂದು ಉಂಗುರ ಕಂಡರೆ ಬಿಟ್ ಒಳಗೆ ಜಾರುತ್ತಿದೆ ಎಂದು ತಿಳಿದು ಹೊಸ ಕಾಲೆಟ್ ಹಾಕಬೇಕು. ಬಿಟ್ಟಿಗೆ ಅಂಟಿದ ಮರದ ಗೋಂದನ್ನು ಆಗಾಗ ಒರೆಸಿದರೆ ಮೊಂಡಾಯಿತೆಂದು ಬದಿಗಿಟ್ಟ ಬಿಟ್ಟುಗಳಲ್ಲಿ ಕೆಲವು ಮತ್ತೆ ಕಡಿಯುತ್ತವೆ.

ನಮ್ಮಲ್ಲಿ ಬಹುಪಾಲು ಬಡಗಿಗಳು ಈ ಯಂತ್ರವನ್ನು ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯುತ್ತಾರೆ, ಹಿರಿಯರ ತಪ್ಪು ರೂಢಿಗಳೂ ಅದರೊಂದಿಗೇ ಬರುತ್ತವೆ. ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ತರಬೇತಿ ಕೇಂದ್ರವಿದೆ. ಅಲ್ಲಿಗೆ ಹೋಗಲಾಗದವರು ಹೊಸ ಬಿಟ್ ಸಿಕ್ಕಿಸಿದಾಗಲೆಲ್ಲ ಅದೇ ಮರದ, ಅದೇ ದಪ್ಪದ ಒಂದು ಬೇಡದ ತುಂಡಿನ ಮೇಲೆ ಓಡಿಸಿ, ಆಳ, ದಿಕ್ಕು, ಸದ್ದು ಮೂರನ್ನೂ ನೋಡಿಕೊಂಡು ಆಮೇಲೆ ಅಸಲು ಹಲಗೆಗೆ ಕೈಹಾಕಬೇಕು.