ಬಲಗಡೆಯ ರೂಪಾಯಿಗೆ ದಾರಿ ಮುಚ್ಚಿದ ಎರಡು ವರ್ಷ

ನಮ್ಮ ಪುಟ್ಟೇನಹಳ್ಳಿಯ ಹುಡುಗರು ಮೊಬೈಲ್‌ನಲ್ಲಿ ‘ಬಿಟಿಸಿ/ಐಎನ್‌ಆರ್’ ತೋರಿಸಿ ಇದೇನೆಂದು ನಮ್ಮನ್ನು ಕೇಳುತ್ತಾರೆ. ಇದು ಟ್ರೇಡಿಂಗ್ ಪೇರ್, ಅಂದರೆ ವಹಿವಾಟಿನ ಜೋಡಿ. ಎಡಗಡೆಯದು ಕೊಳ್ಳುವ ಮಾಲು, ಬಲಗಡೆಯದು ಅದಕ್ಕೆ ಕೊಡುವ ಹಣ. ರಾಗಿ ಅಳೆದು ಕೊಟ್ಟು ಉಪ್ಪು ತಂದರೆ ‘ಉಪ್ಪು/ರಾಗಿ’ ಜೋಡಿ.

ಈ ಬಲಗಡೆಗೆ ಬೆಂಗಳೂರಿನದೇ ಒಂದು ಕತೆಯಿದೆ. 2013ರಲ್ಲಿ ಶುರುವಾದ ಯುನೋಕಾಯಿನ್ ರೂಪಾಯಿಗೆ ಬಿಟ್‌ಕಾಯಿನ್ ಕೊಳ್ಳಲು ದಾರಿ ಮಾಡಿತ್ತು. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್, ಇಂಥ ವಹಿವಾಟಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. ಬ್ಯಾಂಕಿನಿಂದ ರೂಪಾಯಿ ಬರುವ ದಾರಿ ಮುಚ್ಚಿತು. ಆ ಅಕ್ಟೋಬರ್‌ನಲ್ಲಿ ಕಂಪನಿ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ನಗದು ಹಾಕುವ ಯಂತ್ರವಿಟ್ಟಿತು. ಪೊಲೀಸರು ಅದನ್ನು ವಶಕ್ಕೆ ಪಡೆದರು. ಹಲವು ಕಡೆ ನಾಣ್ಯಕ್ಕೆ ನಾಣ್ಯದ ಜೋಡಿಗಳೇ ಮುಂದೆ ಬಂದವು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಮಾಡಿದ ಮೇಲೆ ದಾರಿ ತೆರೆಯಿತು.

ಈಗಲೂ ಬಲಗಡೆ ನೋಡದೆ ಗುಂಡಿ ಒತ್ತಬೇಡಿ. ‘ಇಟಿಎಚ್/ಬಿಟಿಸಿ’ ಏರಿದ್ದರೂ ರೂಪಾಯಿ ಲೆಕ್ಕದಲ್ಲಿ ಎರಡೂ ಇಳಿದಿರಬಹುದು. 2022ರಿಂದ ಲಾಭಕ್ಕೆ ಶೇ 30 ತೆರಿಗೆ. ನಾಣ್ಯಕ್ಕೆ ನಾಣ್ಯ ಬದಲಿಸಿದರೂ ಅದು ಮಾರಿದ ಲೆಕ್ಕವೇ. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬರುವುದಿಲ್ಲ.