ನಲವತ್ತು ದಿನಗಳ ಆಚೆ

ನಮ್ಮ ಕಾಸರಗೋಡಿನ ಕಡೆ ಬಾಣಂತನವೆಂದರೆ ಎಣ್ಣೆ, ಬಿಸಿನೀರು, ಮದ್ದು. ನೆರೆಯ ಮಲಯಾಳಿ ಮನೆಗಳಲ್ಲಿ ಇದೇ 'ಪ್ರಸವರಕ್ಷೆ'. ಸುಮಾರು 40 ದಿನ ಗಂಡ ದೂರ. ಮೈಯ ಗಾಯ ಮಾಯುವ ಮೊದಲೇ ಹೆಣ್ಣನ್ನು ಬಯಸುವುದಕ್ಕೆ ಈ ಕಟ್ಟಳೆ ತಡೆಯಾಗಿತ್ತು, ನಿಜ. ಮನಸ್ಸಿನ ಮಾತೋ? ಕೂಗಾಡಿದರೆ 'ಬಾಣಂತಿ ಸನ್ನಿ'. ಸುಮ್ಮನೆ ಅತ್ತರೆ ಅದಕ್ಕೊಂದು ಹೆಸರೂ ಇರಲಿಲ್ಲ.

1858ರಲ್ಲೇ ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ ಬಾಣಂತಿಯರ ಮನೋರೋಗದ ಬಗ್ಗೆ ಗ್ರಂಥ ಬರೆದಿದ್ದ. ಆದರೆ ಸದ್ದಿಲ್ಲದ ದುಗುಡವನ್ನು ಗುರುತಿಸಲು ಜಾನ್ ಕಾಕ್ಸ್ ಮತ್ತು ಸಂಗಡಿಗರ ಎಡಿನ್‌ಬರೋ ಮಾಪಕ ಬಂದದ್ದು 1987ರಲ್ಲಿ. ಅದರಲ್ಲಿರುವುದು 10 ಪ್ರಶ್ನೆ: ನಗು, ಭಯ, ನಿದ್ದೆ, ಅಳು ಇತ್ಯಾದಿ. ದಾಂಪತ್ಯದ ಬಗ್ಗೆ ಒಂದೂ ಇಲ್ಲ.

ಹೆಂಡತಿ ತವರಿನಿಂದ ಮರಳಿದ ರಾತ್ರಿ ಗೋಡೆಗೆ ಮುಖಮಾಡಿ ಮಲಗಿದಳು. ಮುನಿಸೆಂದು ಬಗೆದೆ. 'ಏನಾಗುತ್ತಿದೆ ನಿನಗೆ?' ಎಂದು ಕೇಳಲು ನನಗೆ ಆರು ತಿಂಗಳು ಬೇಕಾಯಿತು.